ವರ್ಡ್‌ನಲ್ಲಿ 1.1, 1.2 ನಂಬರ್‌ಗಳು ಪದೇ ಪದೇ ತಪ್ಪುವುದೇಕೆ? ಸರಿಪಡಿಸೋದು ಹೇಗೆ?

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ 2.2 ಆದಮೇಲೆ 2.3 ಬಾರದೆ ಮತ್ತೆ 1.1 ಬರುತ್ತಿದೆ, ರೂಲರ್ ಎಳೆದು ಸರಿ ಮಾಡಿದ ಇಂಡೆಂಟ್ (ಸಾಲಿನ ಶುರುವಿನಲ್ಲಿ ಬಿಡುವ ಜಾಗ) ಆ ಒಂದು ಸಾಲಿಗೆ ಮಾತ್ರ ಆಗುತ್ತಿದೆ ಎಂದು ಕೇಳಿದ್ದೀರಿ. ಎರಡಕ್ಕೂ ಸಾಮಾನ್ಯ ಕಾರಣ ಒಂದೇ: ನಂಬರ್‌ಗಳು ಹೆಡಿಂಗ್ ಸ್ಟೈಲ್‌ಗಳಿಗೆ, ಅಂದರೆ ತಲೆಬರಹಗಳಿಗೆಂದೇ ವರ್ಡ್‌ನಲ್ಲಿರುವ ಸಿದ್ಧ ವಿನ್ಯಾಸಗಳಿಗೆ, ಜೋಡಣೆಯಾಗಿಲ್ಲ. ಬೇರೆ ಫೈಲ್‌ನಿಂದ ಪೇಸ್ಟ್ ಮಾಡಿದಾಗ, ನೋಡಲು ಒಂದೇ ಥರ ಇರುವ ಬೇರೆ ಬೇರೆ ಲಿಸ್ಟ್‌ಗಳು ಒಳಗೆ ಸೇರಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಅದು ಗೊತ್ತಾಗೋದಿಲ್ಲ. ವರ್ಡ್ ಮಾತ್ರ ಪ್ರತಿಯೊಂದನ್ನೂ ಬೇರೆಯಾಗಿಯೇ ಎಣಿಸುತ್ತದೆ.

ಮೊದಲು ಅಧ್ಯಾಯದ ತಲೆಬರಹಗಳಿಗೆ ಹೆಡಿಂಗ್ 1, ಉಪತಲೆಬರಹಗಳಿಗೆ ಹೆಡಿಂಗ್ 2 ಸ್ಟೈಲ್ ಕೊಡಿ. ಕರ್ಸರನ್ನು ಯಾವುದಾದರೂ ಹೆಡಿಂಗ್ 1 ಸಾಲಿನಲ್ಲಿಟ್ಟು, ಹೋಮ್ ಟ್ಯಾಬ್‌ನ ಮಲ್ಟಿಲೆವೆಲ್ ಲಿಸ್ಟ್ ಬಟನ್ ಒತ್ತಿ 'ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್' ತೆರೆಯಿರಿ. ಅಲ್ಲಿ 'ಮೋರ್' ಒತ್ತಲೇಬೇಕು, ಮುಖ್ಯವಾದದ್ದು ಅದರ ಹಿಂದೆಯೇ ಇದೆ. ಲೆವೆಲ್ 1 ಆರಿಸಿ 'ಲಿಂಕ್ ಲೆವೆಲ್ ಟು ಸ್ಟೈಲ್'ನಲ್ಲಿ ಹೆಡಿಂಗ್ 1 ಕೊಡಿ. ಲೆವೆಲ್ 2ಕ್ಕೆ ಹೆಡಿಂಗ್ 2, ಹೀಗೆ ಮುಂದುವರಿಸಿ.

ಇಂಡೆಂಟ್ ಕೂಡ ಇಲ್ಲೇ ಬದಲಿಸಿ, ರೂಲರ್ ಮುಟ್ಟಬೇಡಿ. 'ಅಲೈನ್ಡ್ ಅಟ್' ಅಂದರೆ ನಂಬರ್ ನಿಲ್ಲುವ ಜಾಗ. 'ಟೆಕ್ಸ್ಟ್ ಇಂಡೆಂಟ್ ಅಟ್' ಅಂದರೆ ಎರಡನೇ ಸಾಲಿನಿಂದ ಅಕ್ಷರ ಶುರುವಾಗುವ ಜಾಗ. 1.10ರಂಥ ಉದ್ದದ ನಂಬರ್‌ಗಳಿದ್ದರೆ ಇವೆರಡರ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ತಲೆಬರಹ ಮುಂದಿನ ಟ್ಯಾಬ್ ಸ್ಟಾಪ್‌ಗೆ (ಸಾಲಿನಲ್ಲಿ ಟ್ಯಾಬ್ ಒತ್ತಿದಾಗ ಅಕ್ಷರ ನಿಲ್ಲುವ ಜಾಗಕ್ಕೆ) ಜಿಗಿಯುತ್ತದೆ.

ಇಷ್ಟಾದ ಮೇಲೂ ಒಂದೆರಡು ಸಾಲು ಓರೆಯಾಗಿ ಉಳಿದರೆ, ಅದು ಹಿಂದೆ ಕೈಯಾರೆ ಎಳೆದ ಇಂಡೆಂಟ್. ಆ ಸಾಲಿನಲ್ಲಿ ಕಂಟ್ರೋಲ್ ಮತ್ತು ಕ್ಯೂ ಒಟ್ಟಿಗೆ ಒತ್ತಿ, ಸ್ಟೈಲ್‌ನ ಅಳತೆಗೆ ವಾಪಸ್ ಬರುತ್ತದೆ.