ಹಾಡಿಗಿಂತ ಗಿಟಾರೇ ಹೆಚ್ಚು ಮಾತಾಡಿದ ಟೀಲ್‌ಮನ್ ಸೋದರರು

ವಲಸೆ ಬಂದವರೇ ಸೇರಿ ಕಟ್ಟಿದ, ಹಾಡಿಗಿಂತ ವಾದ್ಯಕ್ಕೇ ಹೆಸರಾದ ರಾಕ್ ಬ್ಯಾಂಡ್ ಯಾವುದಾದರೂ ಇದೆಯಾ, ಕೊನೆಗೆ ಅವರ ಕಥೆ ಏನಾಯಿತು ಅಂತ ಕೇಳಿದ್ದೀರಿ. ನನ್ನ ಉತ್ತರ: ಟೀಲ್‌ಮನ್ ಬ್ರದರ್ಸ್.

ಕೆಲಸಕ್ಕೆ ಅಂತ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಎಷ್ಟೋ ವರ್ಷ ಇವರ ಹೆಸರೇ ನನಗೆ ಗೊತ್ತಿರಲಿಲ್ಲ. ಒಮ್ಮೆ ಹೇಗ್ ನಗರದ ಟಾಂಗ್ ಟಾಂಗ್ ಅನ್ನುವ ಇಂಡೋನೇಷ್ಯಾ ಸಂಸ್ಕೃತಿಯ ಮೇಳಕ್ಕೆ ಹೋಗಿದ್ದೆ. ಹೋದದ್ದು ಸಂಗೀತಕ್ಕಲ್ಲ, ಅಲ್ಲಿನ ಊಟದ ಆಸೆಗೆ. ಅಲ್ಲಿ ಎಪ್ಪತ್ತು ದಾಟಿದ ಅಜ್ಜನೊಬ್ಬ ಗಿಟಾರನ್ನು ತಲೆಯ ಹಿಂದಕ್ಕೆ ಹಾಕಿಕೊಂಡು, ಒಂದು ಸ್ವರವೂ ತಪ್ಪದಂತೆ ನುಡಿಸುತ್ತಿದ್ದ. ಕೈಯಲ್ಲಿದ್ದ ಲೆಂಪರ್ ಅನ್ನುವ ಅಂಟಕ್ಕಿಯ ತಿಂಡಿ ತಿನ್ನುವುದೇ ಮರೆತುಹೋಯಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ ನಕ್ಕು, "ಇದೆಲ್ಲ ಟೀಲ್‌ಮನ್‌ಗಳಿಂದ ಕಲಿತದ್ದು" ಅಂದರು.

ಆಂಡಿ, ರೆಗ್ಗಿ, ಪೊಂಥನ್, ಲುಲು ನಾಲ್ವರೂ ಅಣ್ಣತಮ್ಮಂದಿರು, ಡಚ್ ಮತ್ತು ಇಂಡೋನೇಷ್ಯಾದ ಮಿಶ್ರ ರಕ್ತದ 'ಇಂಡೋ' ಸಮುದಾಯದವರು. ಅಪ್ಪ ಹರ್ಮನ್ ಡಚ್ ವಸಾಹತು ಸೇನೆಯಲ್ಲಿದ್ದು, ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿದ್ದವರು. ಯುದ್ಧ ಮುಗಿದ ಮೇಲೆ ಜಾವಾ ದ್ವೀಪದ ಸುರಬಾಯ ನಗರದಲ್ಲಿ ಮಕ್ಕಳು ತಂಗಿ ಜೇನ್ ಜೊತೆ ಸೇರಿ 'ಟಿಮೋರ್ ರಿದಮ್ ಬ್ರದರ್ಸ್' ಅಂತ ತಂಡ ಕಟ್ಟಿ ಅಲ್ಲಿನ ಹಾಡು, ಕುಣಿತಗಳನ್ನೇ ಪ್ರದರ್ಶಿಸುತ್ತಿದ್ದರು. ಇಂಡೋನೇಷ್ಯಾ ಸ್ವತಂತ್ರವಾದ ಮೇಲೆ ಇಂಡೋಗಳಿಗೆ ಅಲ್ಲಿ ನೆಲೆಯಿಲ್ಲದಂತಾಯಿತು. 1957ರಲ್ಲಿ ಈ ಕುಟುಂಬ ನೆದರ್‌ಲ್ಯಾಂಡ್ಸ್‌ಗೆ ಬಂದು ಬ್ರೆಡಾ ಊರಿನ ಒಂದು ವಸತಿಗೃಹದಲ್ಲಿ ಇಳಿದುಕೊಂಡಿತು. ಕಾಗದದಲ್ಲಿ ಡಚ್ಚರು, ಬೀದಿಯಲ್ಲಿ ಪರದೇಶಿಗಳು.

ಮರುವರ್ಷವೇ ಅದೃಷ್ಟ ಖುಲಾಯಿಸಿತು. 1958ರ ಬ್ರಸೆಲ್ಸ್ ವಿಶ್ವಮೇಳದ 'ಹವಾಯಿ ಹಳ್ಳಿ'ಯಲ್ಲಿ ನುಡಿಸಿ ಜನರ ಕಣ್ಣಿಗೆ ಬಿದ್ದರು. (ಜಾವಾದ ಹುಡುಗರು ಹವಾಯಿಯವರಾಗಿ! ಯುರೋಪಿನವರಿಗೆ ಆಗ ಎರಡೂ ಒಂದೇ.) ಅದೇ ವರ್ಷ ಬಂದ ಅವರ ಮೊದಲ ರೆಕಾರ್ಡನ್ನು ನೆದರ್‌ಲ್ಯಾಂಡ್ಸ್‌ನ ಮೊಟ್ಟಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅಂತ ಇಲ್ಲಿನವರು ಲೆಕ್ಕ ಹಿಡಿಯುತ್ತಾರೆ.

ಆದರೆ ಅವರನ್ನು ಅವರನ್ನಾಗಿ ಮಾಡಿದ್ದು ರೆಕಾರ್ಡಲ್ಲ, ಜರ್ಮನಿಯ ಕ್ಲಬ್ಬುಗಳು. ಸಂಜೆಯಿಂದ ನಡುರಾತ್ರಿಯವರೆಗೆ, ಕುಡಿದು ಗಲಾಟೆ ಮಾಡುವವರ ಮುಂದೆ ನುಡಿಸಬೇಕು. ಹಾಡಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹಾಗಾಗಿ ಕೈಚಳಕವೇ ಬಂಡವಾಳವಾಯಿತು: ಗಿಟಾರನ್ನು ಹಲ್ಲಿನಿಂದ, ಕಾಲಿನಿಂದ ನುಡಿಸುವುದು, ಡ್ರಮ್ ಕಡ್ಡಿಯಿಂದ ತಂತಿ ಬಡಿಯುವುದು, ವಾದ್ಯವನ್ನೇ ಒಬ್ಬರಿಂದ ಒಬ್ಬರಿಗೆ ಎಸೆಯುವುದು. ಇದೆಲ್ಲ ಇಂಥದೇ ಕಸರತ್ತಿಗೆ ಹೆಸರಾದ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು ಮಾಡುವುದಕ್ಕೆ ಎಷ್ಟೋ ವರ್ಷ ಮೊದಲು. ನಾದಕ್ಕೂ ಅಷ್ಟೇ ತಲೆ ಕೆಡಿಸಿಕೊಂಡವರು. ಆಂಡಿ ತನ್ನ ಆರು ತಂತಿಯ ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿಗೆ ಇನ್ನೂ ನಾಲ್ಕು ತಂತಿ ಬಿಗಿಸಿ ಹತ್ತು ಮಾಡಿಕೊಂಡಿದ್ದ. ನನಗೆ ಆರನ್ನೇ ಶ್ರುತಿಯಲ್ಲಿ ಇಟ್ಟುಕೊಳ್ಳಲಾಗದು!

ಇವರ ಹಿಂದೆ ಇಂಡೋ ಹುಡುಗರ ಎಷ್ಟೋ ತಂಡಗಳು ಹುಟ್ಟಿಕೊಂಡವು. ಆ ಶೈಲಿಗೆ 'ಇಂಡೋರಾಕ್' ಅಂತಲೇ ಹೆಸರು ನಿಂತಿತು. ಬೀಟಲ್ಸ್ ಇವರನ್ನು ನೋಡಿಯೇ ಕಲಿತರು ಅನ್ನುವ ಅಭಿಮಾನಿಗಳಿದ್ದಾರೆ. ಆ ಮಾತಿಗೆ ನಾನು ಜೋತುಬೀಳುವುದಿಲ್ಲ, ಅದಿಲ್ಲದೆಯೂ ಇವರು ದೊಡ್ಡವರೇ. ವಿಪರ್ಯಾಸ ಅಂದರೆ, ಬೀಟಲ್ಸ್ ಅಲೆ ಎದ್ದ ಮೇಲೆ ಜನರಿಗೆ ಹಾಡು ಬೇಕಾಯಿತು, ಗಿಟಾರಿನ ಸರ್ಕಸ್ ಹಳತಾಯಿತು. 1967ರಲ್ಲಿ ಇವರಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡ ಗೆಲುವು ಸಿಕ್ಕಿದ್ದೂ 'ಲಿಟಲ್ ಬರ್ಡ್' ಅನ್ನುವ ಮೆತ್ತಗಿನ ಹಾಡಿನಿಂದ. ಮುಂದೆ ತಂಡ ಚದುರಿತು. ಆಂಡಿಗೆ 2005ರಲ್ಲಿ ಡಚ್ ರಾಜಪ್ರಶಸ್ತಿ ಬಂತು, 2011ರಲ್ಲಿ ತೀರಿಕೊಂಡರು.

ರೆಕಾರ್ಡಿನಿಂದ ಶುರು ಮಾಡಬೇಡಿ, ಸಪ್ಪೆ ಅನ್ನಿಸುತ್ತದೆ. 1960ರಲ್ಲಿ ಜರ್ಮನ್ ಟಿವಿಗೆ ನುಡಿಸಿದ 'ರೋಲಿನ್ ರಾಕ್' ಯೂಟ್ಯೂಬ್‌ನಲ್ಲಿದೆ. ಮೊದಲ ಸಲ ಸದ್ದು ಪೂರ್ತಿ ತೆಗೆದು ನೋಡಿ, ಆಮೇಲೆ ಸದ್ದು ಕೊಟ್ಟು.