ಜಾವಾ ಕೇಳಲಿಲ್ಲ, ಮಲಯಾಳ ಬರುತ್ತದೆಯೇ ಎಂದರು

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು, ಎಂಸಿಎ ಮುಗಿಸಿದ್ದೇನೆ. ಮಂಗಳೂರಿನ ಕಂಪನಿಯೊಂದು ಜಾವಾ ಡೆವಲಪರ್ (ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಾಫ್ಟ್‌ವೇರ್ ಬರೆಯುವವರು) ಬೇಕೆಂದು ಜಾಹೀರಾತು ಕೊಟ್ಟಿತ್ತು. ಸಂದರ್ಶನದಲ್ಲಿ ಜಾವಾದ ಸುದ್ದಿಯೇ ಇಲ್ಲ. ಕನ್ನಡ, ಮಲಯಾಳ, ತುಳು ಮಾತನಾಡಿಸಿ ನೋಡಿದರು. ಸದ್ಯ ರಾತ್ರಿ ಪಾಳಿಯಲ್ಲಿ ಗ್ರಾಹಕರ ಕರೆಗಳಿಗೆ ಉತ್ತರಿಸಿ, ಆರು ತಿಂಗಳ ಬಳಿಕ ಡೆವಲಪ್‌ಮೆಂಟ್‌ಗೆ ಹಾಕುತ್ತೇವೆ ಎನ್ನುತ್ತಾರೆ. ಎರಡು ವರ್ಷದ ಬಾಂಡ್ ಇದೆ, ಮೂಲ ಅಂಕಪಟ್ಟಿ ಅವರಲ್ಲಿ ಇಡಬೇಕಂತೆ. ಅಡಿಕೆ ಕೃಷಿಕರಾದ ಅಪ್ಪ ‘ಸಿಕ್ಕಿದ್ದನ್ನು ಬಿಡಬೇಡ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಅಂಕಪಟ್ಟಿ. ಮೂಲ ಪ್ರತಿಯನ್ನು ಖಂಡಿತ ಕೊಡಬೇಡಿ. ಅವರು ಪರಿಶೀಲಿಸಲಿ, ನಕಲು ಇಟ್ಟುಕೊಳ್ಳಲಿ. ಮೂಲ ನಿಮ್ಮ ಚೀಲದಲ್ಲೇ ಮನೆಗೆ ಬರಲಿ. ಉಳಿದ ವಿಷಯಗಳಲ್ಲಿ ಚೌಕಾಸಿ ಮಾಡಬಹುದು, ಇದರಲ್ಲಿ ಬೇಡ.

ಜಾಹೀರಾತು ಕಣ್ತಪ್ಪಿನಿಂದ ಹಾಗೆ ಬಂದಿರಲಾರದು ಎಂದು ನನ್ನ ಅನುಮಾನ. ಕರೆ ಸ್ವೀಕರಿಸಲು ಜನ ಬೇಕೆಂದರೆ ಎಂಸಿಎ ಆದವರು ಅರ್ಜಿ ಹಾಕುವುದಿಲ್ಲ. ಜಾವಾ ಎಂದರೆ ಸಾಲುಗಟ್ಟುತ್ತಾರೆ. ಅದರಲ್ಲೂ ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಸರಕಾರಿ ಕಚೇರಿಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆದ ಕಾಸರಗೋಡಿನವರು ಸಿಕ್ಕಿದರೆ ಒಂದು ಸಂಬಳಕ್ಕೆ ಮೂವರು ಸಿಕ್ಕಂತೆ. ಗ್ರಾಹಕ ಸೇವೆ ಕೀಳು ಕೆಲಸವೇನಲ್ಲ. ಆದರೆ ಅದನ್ನು ಮಾಡಿದ ಕಾಲವನ್ನು ಮುಂದಿನ ಕಂಪನಿ ಜಾವಾ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಅವರಿಗೆ ಒಂದು ಇಮೇಲ್ ಬರೆಯಿರಿ. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರೇನು? ಡೆವಲಪ್‌ಮೆಂಟ್‌ಗೆ ಕಳುಹಿಸುವ ದಿನಾಂಕ ಅದರಲ್ಲಿ ಇರುತ್ತದೆಯೇ? ಕಳುಹಿಸದಿದ್ದರೆ ಬಾಂಡ್ ತಾನಾಗಿ ರದ್ದಾಗುತ್ತದೆಯೇ? ಬಾಯಿಮಾತಿನಲ್ಲಿ ಧಾರಾಳವಾಗಿದ್ದವರು ಬರವಣಿಗೆಯಲ್ಲಿ ‘ಕಂಪನಿಯ ಅಗತ್ಯಕ್ಕೆ ತಕ್ಕಂತೆ’ ಎಂದು ಜಾರಿಕೊಂಡರೆ, ಆರು ತಿಂಗಳ ಮಾತು ಅಲ್ಲಿಗೆ ಮುಗಿಯಿತು ಎಂದುಕೊಳ್ಳಿ.

ಬಾಂಡ್ ಬರೀ ಕಾಗದ, ಸಹಿ ಹಾಕಿ ಆಮೇಲೆ ಬಿಟ್ಟರಾಯಿತು ಎಂದು ಗೆಳತಿಯರು ಧೈರ್ಯ ಹೇಳಬಹುದು. ನಂಬಬೇಡಿ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ನಿಮ್ಮದು ಖಾಸಗಿ ಕಂಪನಿ, ಸಂದರ್ಭವೂ ಬೇರೆ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ಸಲ್ಲಲೇಬೇಕೆಂದಿಲ್ಲ, ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ. ಆದರೆ ಅದನ್ನು ವಾದಿಸಲು ವಕೀಲರ ಕಚೇರಿಗೆ ಅಲೆಯಬೇಕಾದವರು ನೀವು.

ರಾತ್ರಿ ಪಾಳಿ ಎಂದರೆ ಬದಿಯಡ್ಕದಿಂದ ಓಡಾಡುವ ಮಾತಿಲ್ಲ. ಮಂಗಳೂರಿನ ಪಿಜಿ ಬಾಡಿಗೆ, ಊಟದ ಖರ್ಚು ಕಳೆದು ಕೈಯಲ್ಲಿ ಉಳಿಯುವುದೆಷ್ಟು ಎಂದು ಬರೆದು ನೋಡಿ.

ಅಪ್ಪನ ಆತಂಕ ಸಹಜ. ಅವರಿಗೆ ಅವರ ವ್ಯಾಪಾರದ ಮಾತಿನಲ್ಲೇ ಹೇಳಿ: ಹಳೆ ಅಡಿಕೆಯನ್ನು ಈಗ ಹೊಸ ಅಡಿಕೆಯ ದರಕ್ಕೆ ಕೊಡಿ, ವ್ಯತ್ಯಾಸ ಆರು ತಿಂಗಳ ಬಳಿಕ ನೋಡೋಣ ಎಂದರೆ ಅವರು ತೂಕಕ್ಕೆ ಹಾಕುತ್ತಾರೆಯೇ?

ಇಮೇಲ್‌ಗೆ ಉತ್ತರ ಬರುವವರೆಗೆ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ಇದು ಗ್ರಾಹಕ ಸೇವೆಯ ಹುದ್ದೆ ಎಂದು ಅವರೇ ಒಪ್ಪಿಕೊಂಡು, ಬಾಂಡ್ ಕೈಬಿಟ್ಟು, ಮೂರು ಭಾಷೆಗೆ ತಕ್ಕ ಸಂಬಳ ಹೇಳಿದರೆ ಮಾತ್ರ ಮತ್ತೆ ಮಾತಿಗೆ ಕುಳಿತುಕೊಳ್ಳಿ.