ಕಲ್ಲಿನಿಂದ ಊದಿದ ಕಿಡ್ನಿ: ತೆಗೆಸಲೇಬೇಕೇ?

ಪ್ರಶ್ನೆ: ತಂದೆಗೆ 58 ವರ್ಷ. ಎಡ ಮೂತ್ರನಾಳದಲ್ಲಿ 14 ಮಿ.ಮೀ. ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿದೆ. ಸ್ಕ್ಯಾನ್ ನೋಡಿ ಕಿಡ್ನಿ ತೆಗೆಯಬೇಕಾಗಬಹುದು ಎಂದಿದ್ದಾರೆ. ಬೇರೆ ದಾರಿ ಇಲ್ಲವೇ ಡಾಕ್ಟ್ರೇ?
– ಓದುಗರು, ಹಾವೇರಿ

ಉತ್ತರ: ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ಕಲ್ಲು ಅಡ್ಡ ನಿಂತಾಗ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಯ ತಿರುಳು ತೆಳುವಾಗುತ್ತದೆ. ಆ ಒತ್ತಡ ಇರುವಾಗ ಮಾಡಿದ ಸ್ಕ್ಯಾನಿನಲ್ಲಿ ಕಿಡ್ನಿ ಇರುವುದಕ್ಕಿಂತ ದುರ್ಬಲವಾಗಿ ಕಾಣಬಹುದು. ಮೊದಲು ಮೂತ್ರಕ್ಕೆ ದಾರಿಯಾಗಬೇಕು: ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ತೆಳುವಾದ ಕೊಳವೆ, ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೇ ಸಣ್ಣ ಕೊಳವೆ. 4ರಿಂದ 6 ವಾರ ಬಿಟ್ಟು, ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಡಿಟಿಪಿಎ ಸ್ಕ್ಯಾನ್ ಮಾಡಿಸಿ. ಎರಡೂ ಕಿಡ್ನಿಗಳ ಒಟ್ಟು ಕೆಲಸದಲ್ಲಿ ಎಡಗಡೆಯ ಪಾಲು ಶೇ. 15ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಉಳಿಸುವುದೇ ಸರಿ; ಮೂತ್ರನಾಳದಲ್ಲಿ ದುರ್ಬೀನು ತೂರಿಸಿ ಲೇಸರ್‌ನಿಂದ ಕಲ್ಲು ಪುಡಿ ಮಾಡುತ್ತಾರೆ. ಶೇ. 10ಕ್ಕಿಂತ ಕೆಳಗಿದ್ದು, ನೋವು ಅಥವಾ ಕೀವು ಮರುಕಳಿಸುತ್ತಿದ್ದು, ಬಲ ಕಿಡ್ನಿ ಚೆನ್ನಾಗಿದ್ದರೆ ಮಾತ್ರ ತೆಗೆಯುವ ಮಾತು. ನಡುವಿನ ಅಂಕಿ ಬಂದರೆ ಇನ್ನೊಬ್ಬ ಯೂರಾಲಜಿಸ್ಟ್‌ ಅಭಿಪ್ರಾಯ ಕೇಳಿ.

ಸ್ಟೆಂಟ್ ಹಾಕಿದ ತಾರೀಖು ಬರೆದಿಡಿ. ನೋವಿಲ್ಲವೆಂದು ಎಷ್ಟೋ ಮಂದಿ ಮರೆತೇಬಿಡುತ್ತಾರೆ; ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಯದಿದ್ದರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಈ ನಡುವೆ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿ.